ಕಾವಲಿಗೆ ಉಪಚಾರ

ರಾಮಾಪುರದ ನಮ್ಮತ್ತೆಯ ಮನೆಯ ಬೀಡು ಕಾವಲಿ ಒಲೆ ಬಿಟ್ಟು ಕದಲಿದ್ದೇ ಇಲ್ಲ. ಆದರೂ ಅದರಷ್ಟು ವಿಳಾಸ ಬದಲಿಸಿದವರು ನಮ್ಮ ವಂಶದಲ್ಲಿ ಯಾರೂ ಇಲ್ಲ. ಅದು ಮನೆ ಸೇರಿದಾಗ ಕೊಳ್ಳೇಗಾಲ ಸೀಮೆಯೆಲ್ಲ ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. 1956ರಲ್ಲಿ ಕಾವಲಿ ಮೈಸೂರು ರಾಜ್ಯದ ಪ್ರಜೆಯಾಯಿತು. 1973ರಲ್ಲಿ ಕರ್ನಾಟಕದ್ದಾಯಿತು, 1997ರಲ್ಲಿ ಚಾಮರಾಜನಗರ ಜಿಲ್ಲೆಗೆ ಸೇರಿತು, ಈಚೆಗೆ ಹನೂರು ತಾಲ್ಲೂಕಿನದಾಗಿದೆ. ಸರ್ಕಾರಗಳು ಇಷ್ಟೆಲ್ಲ ಗೆರೆ ಎಳೆದು ಅಳಿಸಿದರೂ ರಾಗಿರೊಟ್ಟಿ ಮಾತ್ರ ಅದೇ ಹದದಲ್ಲಿ, ಅಂಚು ಹರಿಯದೆ ಎದ್ದು ಬರುತ್ತಿದೆ.

ಬೆಂಗಳೂರಿನ ನಮ್ಮ ಮನೆಗೆ ಮಗಳು ತರಿಸಿದ ಕಾವಲಿಯ ಕಥೆ ಬೇರೆ. ಅದು ರಟ್ಟಿನ ಪೆಟ್ಟಿಗೆಯಲ್ಲಿ ಬಂತು, ಜೊತೆಗೊಂದು ಸೂಚನಾಪತ್ರ. ನೆನೆಹಾಕಬೇಡಿ, ಗಸಗಸ ಉಜ್ಜಬೇಡಿ, ಒದ್ದೆಯಲ್ಲಿ ಇಡಬೇಡಿ, ಹುಳಿ ಸೋಕಿಸಬೇಡಿ. ಹಸಿ ಬಾಣಂತಿಗೂ ಇಷ್ಟು ಪಥ್ಯ ಹೇಳಿದ್ದನ್ನು ನಾನು ಕೇಳಿಲ್ಲ. ಪ್ರತಿ ಭಾನುವಾರ ಮಗಳು ಅದಕ್ಕೆ ಎಣ್ಣೆ ಸವರಿ, ಒವನ್‌ನಲ್ಲಿ ಕಾಯಿಸಿ, ಆರಿಸಿ, ಬಟ್ಟೆ ಸುತ್ತಿ ಮಲಗಿಸುತ್ತಾಳೆ. ಉಳಿದ ದಿನಗಳಲ್ಲಿ ದೋಸೆ ಹೋಟೆಲಿನಿಂದ ಬರುತ್ತದೆ.

ಈ ಉಪಚಾರವನ್ನೆಲ್ಲ ಫೋನಿನಲ್ಲಿ ವರ್ಣಿಸಿದೆ. ಅತ್ತೆ ಗಾಬರಿಯಾಗಿ, "ಕಾವ್ಲಿಗ ಏನಾಗದ ಮಗ, ಮೈ ಉಸಾರಿಲ್ವಾ?" ಎಂದರು.

ಮಗಳು ಮಾಡುವುದರಲ್ಲಿ ತಪ್ಪೇನಿಲ್ಲ. ತೆಳ್ಳಗೆ ಸವರಿದ ಎಣ್ಣೆ ಹೊಗೆಯಾಡುವಷ್ಟು ಕಾದಾಗ ಅದರ ಅಣುಗಳು ಒಂದಕ್ಕೊಂದು ಹೆಣೆದುಕೊಂಡು, ಮರಕ್ಕೆ ಬಳಿದ ವಾರ್ನಿಷಿನ ಹಾಗೆ ಗಟ್ಟಿ ಪದರವಾಗುತ್ತದೆ. ಕಾವಲಿ ಪಳಗುವುದು ಎಂದರೆ ಇದೇ. ದಪ್ಪಗೆ ಸುರಿದರೆ ಪದರವಲ್ಲ, ಅಂಟು. ವಿದೇಶದಲ್ಲಿ ಇದಕ್ಕೆ ಅಗಸೆ ಎಣ್ಣೆಯೇ ಶ್ರೇಷ್ಠವೆಂದು ವಾದಿಸುವವರಿದ್ದಾರೆ, ಏಕೆಂದರೆ ಅದು ಬೇಗ ಒಣಗಿ ಗಟ್ಟಿಯಾಗುವ ಎಣ್ಣೆ. ಅತ್ತೆ ಹಿಂದಿನಿಂದಲೂ ಸವರುತ್ತಿದ್ದದ್ದು ಹುಚ್ಚೆಳ್ಳೆಣ್ಣೆ. ಅದೂ ಆ ಜಾತಿಯದೇ, ಬಣ್ಣ ತಯಾರಿಸುವವರೂ ಬಳಸುವಂಥದ್ದು. ಅತ್ತೆಗೆ ಈ ರಸಾಯನಶಾಸ್ತ್ರ ಬೇಕಿಲ್ಲ. ಅರ್ಧ ಈರುಳ್ಳಿಗೆ ಕಡ್ಡಿ ಚುಚ್ಚಿ, ಎಣ್ಣೆಯಲ್ಲಿ ಅದ್ದಿ, ಒಂದು ಸುತ್ತು ತಿರುಗಿಸಿದರೆ ಮುಗಿಯಿತು. ದಿನಕ್ಕೆರಡು ಹೊತ್ತು ರೊಟ್ಟಿ ಬೇಯುವ ಮನೆಯಲ್ಲಿ ಪದರ ತಾನೇ ಕಟ್ಟಿಕೊಳ್ಳುತ್ತದೆ.

ಆ ಕಾವಲಿಗೆ ಒಮ್ಮೆ ಮಾತ್ರ ಗಂಡಾಂತರ ಬಂದಿತ್ತು. ಹೊಸದಾಗಿ ಬಂದ ಸೊಸೆ, ಅತ್ತೆ ಸಂತೆಗೆ ಹೋದ ಹೊತ್ತಿನಲ್ಲಿ ತನ್ನ ಅಚ್ಚುಕಟ್ಟುತನ ತೋರಿಸಲು ಹುಣಸೆಹಣ್ಣು, ಬೂದಿ, ತೆಂಗಿನ ನಾರು ಹಿಡಿದು ಕೂತಳು. ಹಿತ್ತಾಳೆ ಚೊಂಬಿಗೆ ಹೊಳಪು ತರುವ ಹುಳಿ ಕಬ್ಬಿಣದ ಮೇಲಿನ ಪದರವನ್ನು ಕಿತ್ತುಬಿಡುತ್ತದೆ. ಸಂಜೆಗೆ ಕಾವಲಿ ಬೂದುಬಣ್ಣಕ್ಕೆ ತಿರುಗಿತ್ತು, ಬೆಳಗಾಗುವಷ್ಟರಲ್ಲಿ ಕೆಂಪು ತುಕ್ಕು. ರೊಟ್ಟಿ ಹಾಕಿದರೆ ಅರ್ಧ ತಟ್ಟೆಗೆ, ಅರ್ಧ ಕಾವಲಿಗೆ. ಅತ್ತೆ ಬೈಯಲಿಲ್ಲ. ನೀರಿಗೆ ಬಂದವರಿಗೆಲ್ಲ, "ನಮ್ ಸೊಸ ಕಾವ್ಲಿ ಮೊಖ ತೊಳ್ದವಳ ಕನ" ಎಂದಷ್ಟೇ ಹೇಳಿದರು. ಬೈದಿದ್ದರೇ ವಾಸಿಯಿತ್ತು ಎಂದು ಸೊಸೆ ಇವತ್ತಿಗೂ ಹೇಳುತ್ತಾಳೆ. ಈಗ ಆ ಕಾವಲಿಯನ್ನು ಬೇರೆಯವರು ಮುಟ್ಟಿದರೆ ಮೊದಲು ಕಿರುಚುವವಳೂ ಅವಳೇ.

ಮುಟ್ಟುವುದಿರಲಿ, ಕೇಳುವುದೂ ಕಷ್ಟ. ಅತ್ತೆ ನೆರೆಮನೆಗೆ ಕೆಂಡ ಕೊಡುತ್ತಾರೆ, ಹೆಪ್ಪು ಕೊಡುತ್ತಾರೆ, ದುಡ್ಡನ್ನೂ ಕೊಡುತ್ತಾರೆ. ಕಾವಲಿ ಕೇಳಿದರೆ ಮಾತ್ರ ಹಲಗೂರಿನ ಪಾಂಚಾಳರ ಬಾಯಲ್ಲಿ ಬಂದ ಉತ್ತರ: ಇಲ್ಲ. ನಮ್ಮ ಕಡೆ ನೀಲಗಾರರು ರಾತ್ರಿಯಿಡೀ ಹಾಡುವ ಮಂಟೇಸ್ವಾಮಿ ಕಾವ್ಯದಲ್ಲಿ ಶಿಷ್ಯ ಸಿದ್ದಪ್ಪಾಜಿ ಹಲಗೂರಿನ ಕಮ್ಮಾರರಾದ ಪಾಂಚಾಳರ ಬಳಿ ಹೋಗುವುದು ಕಬ್ಬಿಣದ ಭಿಕ್ಷೆಗೆ. ಅನ್ನಕ್ಕಲ್ಲ, ಹೊನ್ನಿಗಲ್ಲ. ಅವರು ಇಲ್ಲವೆಂದರು. ಆತ ಪವಾಡಗಳನ್ನು ಗೆದ್ದು ಚಿಕ್ಕಲ್ಲೂರಿನಲ್ಲಿ ನೆಲೆಯಾದ. ನೆರೆಮನೆಯವರಿಗೆ ಪವಾಡ ಬರದ ಕಾರಣ ಅಲ್ಯೂಮಿನಿಯಂ ಹಂಚಿನಲ್ಲೇ ಸುಧಾರಿಸಿಕೊಂಡಿದ್ದಾರೆ.

ಕಬ್ಬಿಣದ ಭಿಕ್ಷೆಗೆ ಹೊಸ ವಿಜ್ಞಾನವೂ ಹೊರಟಿದ್ದುಂಟು. ಕೆನಡಾದ ಕ್ರಿಸ್ಟೋಫರ್ ಚಾರ್ಲ್ಸ್ 2008ರಲ್ಲಿ ಕಾಂಬೋಡಿಯಾದ ಹಳ್ಳಿಗಳಲ್ಲಿ, ರಕ್ತಹೀನತೆಗೆ ಮದ್ದಾಗಲಿ ಎಂದು ಸಾರಿನ ಪಾತ್ರೆಗೆ ಕಬ್ಬಿಣದ ತುಂಡು ಹಾಕಿಸಲು ನೋಡಿದರು. ಹೆಂಗಸರು ಒಪ್ಪಲಿಲ್ಲ. ಅಲ್ಲಿನವರು ಅದೃಷ್ಟವೆಂದು ನಂಬುವ ಮೀನಿನ ಆಕಾರದಲ್ಲಿ ಎರಕ ಹೊಯ್ದು ಕೊಟ್ಟಾಗ ಹಾಕಿಕೊಂಡರು. ಹುಳಿ ಇದ್ದಷ್ಟೂ, ಹೆಚ್ಚು ಹೊತ್ತು ಕುದ್ದಷ್ಟೂ ಕಬ್ಬಿಣ ಅಡುಗೆಗೆ ಇಳಿಯುತ್ತದೆ ಎಂಬುದು ನಿಜ. ಅದರಿಂದ ಎಲ್ಲರ ರಕ್ತವೂ ಏರುತ್ತದೆ ಎಂಬುದನ್ನು ಮುಂದಿನ ಪರೀಕ್ಷೆಗಳು ಒಪ್ಪಲಿಲ್ಲ. ಒಣ ರೊಟ್ಟಿಯಿಂದಂತೂ ಹೆಚ್ಚೇನೂ ನಿರೀಕ್ಷಿಸುವಂತಿಲ್ಲ. ಅತ್ತೆಯ ಮುಖದ ಕಳೆಗೆ ಕಾವಲಿಗಿಂತ ಬಾಯಿಯೇ ಕಾರಣವೆಂದು ನನ್ನ ಅನುಮಾನ.

ಸಂತೆಯಲ್ಲಿ ಕೊಳ್ಳುವವರಿಗೆ ಒಂದು ಮಾತು. ಬಡಿದ ತಗಡಿನ ಕಾವಲಿ ಬಿದ್ದರೆ ನೆಗ್ಗುತ್ತದೆ, ಬೀಡು ಒಡೆಯುತ್ತದೆ. ಬೀಡಿನಲ್ಲಿ ನೂರಕ್ಕೆ ಎರಡರಿಂದ ನಾಲ್ಕು ಪಾಲು ಇಂಗಾಲವಿರುವುದರಿಂದ ಅದಕ್ಕೆ ಬಾಗುವ ಸ್ವಭಾವವೇ ಇಲ್ಲ. ಕಾದ ಕಾವಲಿಗೆ ತಣ್ಣೀರು ಎರಚಿದರೂ ಸೀಳು ಬಿಡಬಹುದು.

ಹೋದ ಸಲ ಊರಿಗೆ ಹೋದಾಗ ಧೈರ್ಯ ಮಾಡಿ, "ಅತ್ತೆ, ಈ ಕಾವಲಿ ನಮಗೆ ಕೊಡಿ" ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಕೊಟ್ರ ಏನ್ ಬಂತು ಮಗ, ದಿನಾ ರೊಟ್ಟಿ ತಟ್ಟವರ್ಯಾರು? ವಾರ್ವಾರ ಎಣ್ಣ ನೀರು ಹುಯ್ಸ್ಕಳಕ ಅದ್ಕೇನು ದೀಪಾವಳಿಯಾ?"

ಬೆಂಗಳೂರಿಗೆ ಬಂದು ಈ ಮಾತನ್ನು ಮಗಳಿಗೆ ಹೇಳಿದೆ. ಅವಳಿಗೆ ನಾಟಿತು. ಆ ಭಾನುವಾರ ಕಾವಲಿಯ ಅಭ್ಯಂಜನಕ್ಕೆ ರಜೆ ಕೊಟ್ಟು, ಹೋಟೆಲಿನಿಂದ ರಾಗಿರೊಟ್ಟಿ ತರಿಸಿದಳು.