ಇಲ್ಲ ಅಂತಲಾದರೂ ಅನ್ನಿ ಸ್ವಾಮಿ

ನಮ್ಮ ಕಡೆ ಹೆಣ್ಣು ನೋಡಲು ಹೋದವರನ್ನು ಯಾರೂ ಉತ್ತರ ಕೊಡದೆ ಬಿಡುವುದಿಲ್ಲ. ಗಂಡು ಒಪ್ಪಿಗೆಯಾಗದಿದ್ದರೆ ‘ಜಾತಕ ಕೂಡಿ ಬರಲಿಲ್ಲ’ ಅನ್ನುತ್ತಾರೆ. ಜಾತಕ ಕೂಡಿ ಬಂದದ್ದು ಊರಿಗೆಲ್ಲ ಗೊತ್ತಾಗಿಬಿಟ್ಟಿದ್ದರೆ ‘ಹುಡುಗಿ ಇನ್ನೂ ಓದ್ತಾಳಂತೆ’ ಅನ್ನುತ್ತಾರೆ. ಎರಡೂ ಸುಳ್ಳೆಂದು ಎರಡು ಮನೆಯವರಿಗೂ ಗೊತ್ತು. ಆದರೂ ಆ ಸುಳ್ಳಿನಿಂದ ಒಂದು ಉಪಕಾರವಿದೆ. ಗಂಡಿನ ಕಡೆಯವರು ಮುಂದಿನ ಭಾನುವಾರ ಇನ್ನೊಂದು ಮನೆಯ ಉಪ್ಪಿಟ್ಟು, ಕೇಸರಿಭಾತಿಗೆ ನಿಶ್ಚಿಂತೆಯಿಂದ ಹೊರಡಬಹುದು.

ಕೆಲಸ ಕೇಳಿಕೊಂಡು ಹೋದವನಿಗೆ ಇಷ್ಟು ಮರ್ಯಾದೆಯೂ ಇಲ್ಲ. ‘ನಾವೇ ತಿಳಿಸ್ತೀವಿ’ ಅನ್ನುತ್ತಾರೆ. ಆಮೇಲೆ ತಿಳಿಸುವುದಿಲ್ಲ. ಬೇಡ ಅಂದಿದ್ದರೆ ಒಂದು ದಿನ ಕೊರಗಿ, ಎರಡನೆಯ ದಿನ ಬೈದು, ಮೂರನೆಯ ದಿನ ಮರೆಯಬಹುದಿತ್ತು. ಏನೂ ಅನ್ನದವರನ್ನು ಬೈಯುವುದು ಹೇಗೆ? ಬೈದ ಹತ್ತು ನಿಮಿಷಕ್ಕೆ ಅವರೇ ಫೋನ್ ಮಾಡಿಬಿಟ್ಟರೆ? ಹಾಗಾಗಿ ಫೋನನ್ನು ಬಚ್ಚಲುಮನೆಗೂ ಒಯ್ದು, ಸೋಪಿನ ಪಕ್ಕ ಇಟ್ಟುಕೊಂಡು, ಮೈಮೇಲೆ ನೀರು ಹುಯ್ದುಕೊಳ್ಳುವಾಗಲೂ ಒಂದು ಕಿವಿ ಆಚೆಗೇ ಇಡಬೇಕು. ಹಾಗೆ ಬಂದ ಫೋನುಗಳಲ್ಲಿ ಹೆಚ್ಚಿನವು ವೈಯಕ್ತಿಕ ಸಾಲ ಬೇಕೇ ಎಂದು ಕೇಳುವವು. ಸಂಬಳ ಎಷ್ಟು ಎಂದು ಕೇಳಿದ ಮೇಲೆ ಅವರೂ ‘ನಾವೇ ತಿಳಿಸ್ತೀವಿ’ ಎಂದು ಇಟ್ಟುಬಿಡುತ್ತಾರೆ.

ನಾನು ಲೆಕ್ಕ ಬರೆಯುವವನು. ಟ್ಯಾಲಿ, ಜಿಎಸ್‌ಟಿ ರಿಟರ್ನ್ಸು, ಮಾರ್ಚಿ ಬಂತೆಂದರೆ ಆಡಿಟರ ಮುಂದೆ ಕೈಕಟ್ಟಿ ನಿಲ್ಲುವುದು, ಇದೇ ಕಸುಬು. ನಾನಿದ್ದ ಕಂಪನಿ ತನ್ನ ಲೆಕ್ಕವನ್ನು ಬೇರೆ ರಾಜ್ಯದಲ್ಲಿ ಅಗ್ಗವಾಗಿ ಬರೆಸಿಕೊಳ್ಳಲು ಹೊರಟಿತು. ನಾನು ಬೆಂಗಳೂರಿನ ಬಾಡಿಗೆ ಮನೆ ಖಾಲಿ ಮಾಡಿ ತುಮಕೂರಿಗೆ, ಅಪ್ಪ ಅಮ್ಮನ ಹತ್ತಿರ ಬಂದೆ. ಸಂದರ್ಶನವಿದ್ದ ದಿನ ರೈಲು ಹತ್ತಿ ಮೆಜೆಸ್ಟಿಕ್, ಅಲ್ಲಿಂದ ನೇರಳೆ ಮೆಟ್ರೋದಲ್ಲಿ ವೈಟ್‌ಫೀಲ್ಡಿನ ತುದಿಗೆ. ಹೋಗಿ ಬರುವುದಕ್ಕೆ ಅರ್ಧ ದಿನ, ಸಂದರ್ಶನ ಹತ್ತು ನಿಮಿಷ. ಇಸ್ತ್ರಿ ಮಾಡಿದ ಅಂಗಿ ಯಶವಂತಪುರ ದಾಟುವುದರೊಳಗೆ ತನ್ನ ಸ್ವಭಾವಕ್ಕೆ ಮರಳಿರುತ್ತದೆ.

ಅವರು ಕೇಳುವ ಪ್ರಶ್ನೆಗಳಲ್ಲಿ ನನಗೆ ಬಹಳ ಇಷ್ಟವಾದದ್ದು ನೋಟಿಸ್ ಪೀರಿಯಡ್ಡಿನದು. ಜಾಹೀರಾತಿನಲ್ಲಿ ‘ತಕ್ಷಣ ಸೇರುವವರು ಮಾತ್ರ’ ಎಂದು ದಪ್ಪ ಅಕ್ಷರದಲ್ಲಿ ಹಾಕಿರುತ್ತಾರೆ. ‘ನಾಳೆ ಬೆಳಿಗ್ಗೆಯೇ ಬರ್ತೀನಿ ಮೇಡಂ’ ಎಂದು ನಾನು ಹೆಮ್ಮೆಯಿಂದ ಹೇಳುತ್ತೇನೆ. ಆ ಕಡೆ ಒಂದು ಗಳಿಗೆ ಮೌನ. ನಿಜವಾಗಿಯೂ ನಾಳೆಯೇ ಬರುವವನೊಬ್ಬ ಸಿಕ್ಕಿದ ಕೂಡಲೇ, ಇವನನ್ನು ಇಷ್ಟು ದಿನ ಯಾರೂ ಯಾಕೆ ಇಟ್ಟುಕೊಂಡಿಲ್ಲ ಎಂಬ ಅನುಮಾನ ಅವರಿಗೆ ಹತ್ತುತ್ತದೆ. ಅವರಿಗೆ ಬೇಕಾದವನು ಇನ್ನೊಂದು ಕಡೆ ಕೆಲಸದಲ್ಲಿರಬೇಕು, ಆದರೆ ಅಲ್ಲಿ ಇರಬಾರದು.

ಇನ್ನು ಆ್ಯಪುಗಳು. ‘ನಿಮ್ಮ ಅರ್ಜಿಯನ್ನು ವೀಕ್ಷಿಸಲಾಗಿದೆ’ ಎಂದು ಒಂದು ಸಂದೇಶ ಬರುತ್ತದೆ. ಮೊದಲ ಸಲ ಬಂದಾಗ ಅಮ್ಮ, ‘ನೋಡಿದಾರಂತಲ್ಲೋ, ಇನ್ನೇನು ಆಯ್ತು ಬಿಡು’ ಎಂದು ದೇವರ ಮುಂದೆ ತುಪ್ಪದ ದೀಪ ಹಚ್ಚಿದರು. ಹಾಗೆ ನೋಡಿದ್ದು ಮನುಷ್ಯರೇ ಆಗಬೇಕೆಂದಿಲ್ಲ, ಎಷ್ಟೋ ಕಡೆ ರೆಸ್ಯೂಮೆಯನ್ನು ಮೊದಲು ಓದಿ ಜರಡಿ ಹಿಡಿಯುವುದು ಕಂಪ್ಯೂಟರು ಎಂದು ಬಿಡಿಸಿ ಹೇಳಿದೆ. ಆ ಕಂಪ್ಯೂಟರಿಗೆ ಎರಡು ಕಾಲಮ್ಮಿನಲ್ಲಿ ಚೆಂದವಾಗಿ ಜೋಡಿಸಿದ ರೆಸ್ಯೂಮೆ ಕೊಟ್ಟರೆ ಕೆಲವೊಮ್ಮೆ ಎಡಗಡೆಯ ಸಾಲಿಗೆ ಬಲಗಡೆಯದನ್ನು ಸೇರಿಸಿ ಓದಿಬಿಡುತ್ತದಂತೆ. ನನ್ನ ಹವ್ಯಾಸದ ಜಾಗದಲ್ಲಿ ‘ಟಿಡಿಎಸ್ ಕಡಿತ’ ಎಂದೂ, ಅನುಭವದ ಜಾಗದಲ್ಲಿ ‘ಕೇರಂ’ ಎಂದೂ ಅದು ಓದಿಕೊಂಡಿರಬಹುದು. ಅಮ್ಮ ಮರುವಾರದಿಂದ ದೀಪಕ್ಕೆ ಎಳ್ಳೆಣ್ಣೆ ಹಾಕತೊಡಗಿದರು.

ಮದುವೆ, ಗೃಹಪ್ರವೇಶಗಳಿಗೆ ಹೋಗುವುದನ್ನು ಕಡಿಮೆ ಮಾಡಿದೆ. ಧೈರ್ಯಗೆಡಿಸುವವರಿಗೆ ಹೆದರಿ ಅಲ್ಲ, ಧೈರ್ಯ ತುಂಬುವವರಿಗೆ ಹೆದರಿ. ‘ಇನ್ನೂ ಸಿಕ್ಕಿಲ್ವಾ?’ ಎಂದು ಕೇಳುವ ದೊಡ್ಡಮ್ಮನಿಗೆ ‘ಪ್ರೋಸೆಸ್‌ನಲ್ಲಿದೆ’ ಎಂದರೆ ಸಾಕು, ಪಲ್ಯದ ಕಡೆ ತಿರುಗುತ್ತಾರೆ. ಆದರೆ ಹೆಗಲ ಮೇಲೆ ಕೈಹಾಕಿ ‘ಎಲ್ಲಾ ಒಳ್ಳೇದಕ್ಕೇ ಕಣೋ’ ಎಂದು ಶುರುಮಾಡುವ ಚಿಕ್ಕಪ್ಪನಿಂದ ಪಾಯಸ ಬರುವವರೆಗೂ ಬಿಡುಗಡೆಯಿಲ್ಲ. ಸ್ವಲ್ಪ ಗೆಲುವಾಗಿ ಊಟಕ್ಕೆ ಕೂತವನು ಸಾಂತ್ವನ ಕೇಳಿ ಕೇಳಿ ಕುಗ್ಗಿ ಏಳುತ್ತೇನೆ.

2024ರ ಜನವರಿಯಲ್ಲಿ ಶಿವಮೊಗ್ಗದಲ್ಲಿ ಸರ್ಕಾರ ಯುವನಿಧಿಗೆ ಚಾಲನೆ ಕೊಟ್ಟಿತಲ್ಲ, ನಮ್ಮ ಪಕ್ಕದ ಮನೆ ಹುಡುಗನಿಗೆ ಅದು ಸಿಕ್ಕಿತು. ಪದವೀಧರರಿಗೆ ತಿಂಗಳಿಗೆ 3000 ರೂಪಾಯಿ, ಡಿಪ್ಲೊಮಾದವರಿಗೆ 1500, ಹೆಚ್ಚೆಂದರೆ ಎರಡು ವರ್ಷ. 2022-23ರಿಂದ ಈಚೆಗೆ ಪಾಸಾದವರಿಗೆ ಮಾತ್ರ, ನನ್ನ ಬಿ.ಕಾಂ. ಸರ್ಟಿಫಿಕೇಟು ಮಡಿಕೆಯಲ್ಲಿ ಹರಿಯಲು ಶುರುವಾಗಿ ಎಷ್ಟೋ ವರ್ಷವಾಗಿದೆ. ಆ ಹುಡುಗ ತನಗೆ ಇನ್ನೂ ಕೆಲಸ ಸಿಕ್ಕಿಲ್ಲವೆಂದು ಆಗಾಗ ಸ್ವಯಂಘೋಷಣೆ ಸಲ್ಲಿಸಬೇಕಿತ್ತು. ನಾನು ಅದೇ ಘೋಷಣೆಯನ್ನು ಹಾಲಿನ ಬೂತಿನ ಹತ್ತಿರ, ಕ್ಷೌರದಂಗಡಿಯಲ್ಲಿ, ಹೂ ಮಾರುವಾಕೆಯ ಮುಂದೆ ದಿನಕ್ಕೆ ಮೂರು ಸಲ ಪುಕ್ಕಟೆಯಾಗಿ ಮಾಡುತ್ತಿದ್ದೆ.

ಕೆಲಸವಿಲ್ಲದವನಿಗೆ ಹೊತ್ತು ಹೋಗುವುದಿಲ್ಲ ಎಂದವರು ಯಾರೋ ಕೆಲಸದಲ್ಲಿದ್ದವರೇ ಇರಬೇಕು. ಮನೆಯಲ್ಲಿ ಒಬ್ಬ ಖಾಲಿ ಇದ್ದಾನೆ, ಅವನ ಹತ್ತಿರ ಲ್ಯಾಪ್‌ಟಾಪೂ ಇದೆ ಎಂಬುದು ಗೊತ್ತಾದ ಮೇಲೆ ಬೀದಿಯ ಅರ್ಜಿಗಳೆಲ್ಲ ನನ್ನ ಮೇಜಿಗೆ ಬರತೊಡಗಿದವು. ಅಜ್ಜಿಯರ ಪಿಂಚಣಿ, ಮೂಲೆಮನೆಯ ಮೇಷ್ಟರ ಜೀವಿತ ಪ್ರಮಾಣಪತ್ರ, ಗೃಹಲಕ್ಷ್ಮಿ ಹಣ ಬರದೇ ಇದ್ದವರ ಆಧಾರ್ ಜೋಡಣೆ, ಪಹಣಿಯಲ್ಲಿ ತಾತನ ಹೆಸರು ತಪ್ಪಾಗಿರುವುದು. ಮಧ್ಯಾಹ್ನ ಊಟಕ್ಕೆ ಏಳಲು ಪುರಸತ್ತಿಲ್ಲ. ಸಂಬಳ ಮಾತ್ರ ಚಕ್ಕುಲಿ, ನುಗ್ಗೇಕಾಯಿಗಳ ರೂಪದಲ್ಲಿ.

ಈ ಸೇವೆಯಲ್ಲಿದ್ದಾಗ ನನಗೊಂದು ಬೆರಗು ಕಾದಿತ್ತು. ನಾಡಕಚೇರಿಗೆ ಜಾತಿ, ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಕೊಟ್ಟರೆ ಕೈಗೊಂದು ಸ್ವೀಕೃತಿ ಬರುತ್ತದೆ. ಅದರ ಮೇಲೆ ಸಂಖ್ಯೆ, ಇಂಥ ತಾರೀಖಿನೊಳಗೆ ವಿಲೇವಾರಿ ಎಂಬ ಗಡುವು. ನಾನು ಕಳಿಸಿದ ಅರ್ಜಿಗಳಿಗೆ ಒಬ್ಬನೂ ಇಂಥದ್ದು ಕೊಟ್ಟಿರಲಿಲ್ಲ. ನಾವು ಜೀವಮಾನವಿಡೀ ಹಾಸ್ಯ ಮಾಡಿದ ಸರ್ಕಾರಿ ಕಚೇರಿ ಅಜ್ಜಿಗೆ ಲೆಕ್ಕ ಒಪ್ಪಿಸುತ್ತದೆ. ಗಾಜಿನ ಕಟ್ಟಡದೊಳಗಿನ ಕಂಪನಿ ನನಗೆ ಒಪ್ಪಿಸುವುದಿಲ್ಲ.

‘ಅದು ಸಕಾಲ ಕಣೋ’ ಎಂದರು ಅಪ್ಪ. ಅವರು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿ ಸೇರಿ ಶಿರಸ್ತೇದಾರರಾಗಿ ನಿವೃತ್ತರಾದವರು. 2011ರ ಕಾಯ್ದೆ, 2012ರ ಏಪ್ರಿಲಿನಿಂದ ರಾಜ್ಯದಾದ್ಯಂತ ಜಾರಿ. ಗಡುವು ಮೀರಿದರೆ ಅರ್ಜಿದಾರನಿಗೆ ದಿನಕ್ಕೆ 20 ರೂಪಾಯಿ ಪರಿಹಾರ, ಗರಿಷ್ಠ 500. ತಪ್ಪಿತಸ್ಥ ನೌಕರನ ಸಂಬಳದಿಂದಲೇ ವಸೂಲಿ. ‘ಇಪ್ಪತ್ತು ರೂಪಾಯಿಗೆ ಯಾರು ಹೆದರ್ತಾರೆ? ಸಂಬಳದ ಪಟ್ಟಿಯಲ್ಲಿ ಕಡಿತ ಅಂತ ಬರುತ್ತಲ್ಲ, ಆ ಅವಮಾನಕ್ಕೆ ರಾತ್ರಿ ಎಂಟರವರೆಗೆ ಕೂತು ಕಡತ ಮುಗಿಸ್ತಿದ್ವಿ’ ಎಂದು ಅಪ್ಪ ಮೀಸೆ ಸವರಿಕೊಂಡರು.

ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸಕಾಲವನ್ನು ಖಾಸಗಿ ಕಂಪನಿಗಳಿಗೂ ಹಚ್ಚಿದರೆ? ಇಪ್ಪತ್ತೈದು ದಿನದ ಮೌನಕ್ಕೆ 500 ರೂಪಾಯಿ. ತಿಂಗಳಿಗೆ ನಲವತ್ತು ಅರ್ಜಿ ಹಾಕಿದರೆ 20,000. ಯಾವ ಬಾಸೂ ಇಲ್ಲ, ವೈಟ್‌ಫೀಲ್ಡೂ ಇಲ್ಲ. ಉತ್ತರ ಕೊಡುವ ಸಭ್ಯರ ಕಂಪನಿಗಳಿಗೆ ಮಾತ್ರ ಅರ್ಜಿ ಹಾಕಬಾರದು, ನಷ್ಟವಾಗುತ್ತದೆ. ಬೆಳಿಗ್ಗೆ ಕಾಫಿಯ ಹೊತ್ತಿಗೆ ಯೋಜನೆಯನ್ನು ಮಂಡಿಸಿದೆ. ಅಪ್ಪ ಪೇಪರಿನಿಂದ ಕಣ್ಣೆತ್ತದೆ, ‘ಅದಕ್ಕೆ ಪಿಎಫ್ ಹಿಡೀತಾರೇನೋ?’ ಎಂದರು.

ಕಾಯ್ದೆಯನ್ನು ನಾನು ಬದಲಿಸಲಾರೆ. ಆದರೆ ಲೆಕ್ಕದವನಿಗೆ ಬರದ ಬಾಕಿಯನ್ನು ಏನು ಮಾಡಬೇಕೆಂದು ಗೊತ್ತು. ಬಾರದ ಸಾಲವನ್ನು ವರ್ಷಗಟ್ಟಲೆ ಬರುತ್ತದೆಂದು ಪುಸ್ತಕದಲ್ಲಿ ತೋರಿಸುವುದು ಒಳ್ಳೆಯ ಲೆಕ್ಕವಲ್ಲ. ಒಂದು ದಿನ ರೈಟ್ ಆಫ್ ಮಾಡಬೇಕು. ಅಪ್ಪನ ಟ್ರಂಕಿನಿಂದ ಉದ್ದನೆಯ ಹಳೇ ರಿಜಿಸ್ಟರೊಂದು ಸಿಕ್ಕಿತು. ಕ್ರಮಸಂಖ್ಯೆ, ಕಂಪನಿ, ಅರ್ಜಿಯ ತಾರೀಖು, ಗಡುವು, ಷರಾ. ಇಪ್ಪತ್ತೈದನೆಯ ದಿನದವರೆಗೆ ಉತ್ತರ ಬಾರದಿದ್ದರೆ ಕೆಂಪು ಇಂಕಿನಲ್ಲಿ ನಾನೇ ‘ಇಲ್ಲ’ ಎಂದು ಬರೆದು ಸಹಿ ಮಾಡಿಬಿಡುವುದು. ಅವರು ಹೇಳದ್ದನ್ನು ಅವರ ಪರವಾಗಿ ನಾನು ಹೇಳಿಕೊಂಡೆ, ಅಷ್ಟೆ.

ಪರಿಣಾಮ ನನಗೇ ಆಶ್ಚರ್ಯ ತಂದಿತು. ಹಿಂದೆ ಎಲ್ಲ ಅರ್ಜಿಗಳೂ ಒಟ್ಟಿಗೆ ತಲೆಯೊಳಗೆ ಗುಂಯ್ ಎನ್ನುತ್ತಿದ್ದವು. ಈಗ ಮುಗಿದದ್ದು ಮುಗಿಯುತ್ತಿತ್ತು. ಸಂಜೆ ಐದೂವರೆಗೆ ರಿಜಿಸ್ಟರು ಮುಚ್ಚಿದ ಮೇಲೆ ಆ್ಯಪು ತೆರೆಯುವಂತಿಲ್ಲ. ಕಚೇರಿ ಸಮಯ ಎಂದರೆ ಸಮಯ. ಇನ್ನೊಂದು ನಿಯಮವನ್ನೂ ಮಾಡಿಕೊಂಡೆ. ಸಂದರ್ಶನ ಹೇಗೇ ಆಗಿರಲಿ, ಮರುದಿನ ಬೆಳಿಗ್ಗೆ ಕ್ಯಾತಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿ ತಿನ್ನುವುದು. ಮೇಲೆ ಬೆಣ್ಣೆ ಕರಗುವಾಗ ಪ್ಯಾನೆಲಿನವರು ಕೇಳಿದ ‘ಐದು ವರ್ಷದ ನಂತರ ನಿಮ್ಮನ್ನು ಎಲ್ಲಿ ಕಾಣ್ತೀರಿ?’ ಎಂಬ ಪ್ರಶ್ನೆಗೆ ಸರಿಯಾದ ಉತ್ತರ ಹೊಳೆಯುತ್ತದೆ: ಇಲ್ಲೇ, ಎರಡನೇ ಪ್ಲೇಟಿನ ಮುಂದೆ.

ಅಪ್ಪನಿಗೆ ರಿಜಿಸ್ಟರು ಹಿಡಿಸಿತು. ನಿವೃತ್ತಿಯಾದ ಮೇಲೆ ಅವರ ಕಣ್ಣಿಗೆ ಇಂಥ ಶಿಸ್ತಿನ ಕಡತ ಬಿದ್ದಿರಲಿಲ್ಲ. ಸಕಾಲದಲ್ಲಿ ಅರ್ಜಿ ತಿರಸ್ಕೃತವಾದರೆ ಮೇಲ್ಮನವಿಗೆ ಅವಕಾಶವುಂಟು ಎಂದು ನೆನಪಿಸಿ, ಯಾರೂ ನೇಮಿಸದಿದ್ದರೂ ತಾವೇ ಮೇಲ್ಮನವಿ ಪ್ರಾಧಿಕಾರವಾದರು. ಪ್ರತಿ ಶನಿವಾರ ಕನ್ನಡಕ ಏರಿಸಿ ಕೆಂಪು ಸಾಲುಗಳನ್ನು ಪರಿಶೀಲಿಸುತ್ತಿದ್ದರು. ಒಂದೆರಡು ಕಡೆ ‘ಮಧ್ಯೆ ದಸರಾ ರಜೆ ಬಂದಿದೆ, ಇನ್ನೊಂದು ವಾರ ಕಾಲಾವಕಾಶ ನೀಡಬಹುದು’ ಎಂದು ಹಸಿರು ಇಂಕಿನಲ್ಲಿ ಷರಾ ಬರೆದರು. ಅಮ್ಮ ಇಬ್ಬರಿಗೂ ಸೇರಿಸಿ ಒಂದೇ ದೀಪ ಹಚ್ಚುತ್ತಿದ್ದರು.

ಹೀಗಿರುವಾಗ ಒಂದು ಮಧ್ಯಾಹ್ನ ಫೋನು ಬಂತು. ನಾನು ಎಂದೋ ಕೆಂಪು ಇಂಕು ಹಾಕಿ, ಅಪ್ಪ ಮೊಹರಿನಂಥ ಸಹಿ ಹಾಕಿ ಮುಗಿಸಿದ್ದ ಕಂಪನಿ. ‘ಸರ್, ನಿಮ್ಮ ಪ್ರೊಫೈಲ್ ಶಾರ್ಟ್‌ಲಿಸ್ಟ್ ಆಗಿದೆ. ಗುರುವಾರ ಬರೋಕಾಗುತ್ತಾ?’ ಎಂದಿತು ಹೆಣ್ಣು ದನಿ. ಗಾಬರಿಯಲ್ಲಿ ಸ್ಪೀಕರ್ ಒತ್ತಿಬಿಟ್ಟಿದ್ದೆ. ಅಪ್ಪ ಅಷ್ಟರಲ್ಲಿ ರಿಜಿಸ್ಟರು ತಿರುವಿ ಪುಟ ಹಿಡಿದಿದ್ದರು.

‘ಆ ಕಡತ ಮುಕ್ತಾಯವಾಗಿದೆ ಅಂತ ಹೇಳೋ. ಬೇಕಾದರೆ ವಿಳಂಬಕ್ಕೆ ಕಾರಣ ತೋರಿಸಿ ಅವರೇ ಹೊಸದಾಗಿ ಅರ್ಜಿ ಕೊಡಲಿ!’

ಆ ಕಡೆ ಒಂದು ಗಳಿಗೆ ಸದ್ದಿಲ್ಲ. ‘ಸರ್, ಹಿಂದೆ ಮಾತಾಡ್ತಿರೋದು ಯಾರು?’

‘ಮೇಲ್ಮನವಿ ಪ್ರಾಧಿಕಾರ ಮೇಡಂ’ ಎಂದೆ. ‘ಅವರನ್ನು ನಾನು ಒಪ್ಪಿಸ್ತೀನಿ. ಗುರುವಾರ ಎಷ್ಟು ಗಂಟೆಗೆ?’