ಅಂತರಗಂಗೆ ಗುಹೆ: ನುಗ್ಗುವ ಮುನ್ನ ಓದತಕ್ಕದ್ದು

ಬೆಂಗಳೂರಿನಿಂದ ಸುಮಾರು 70 ಕಿಲೋಮೀಟರ್ ದೂರದ ಕೋಲಾರದ ಅಂತರಗಂಗೆ ಬೆಟ್ಟಕ್ಕೆ ಕಡಿಮೆ ಕಾಸಿನಲ್ಲಿ, ಒಂದೇ ದಿನದಲ್ಲಿ ಹೋಗಿಬರುವ ಗೆಳೆಯರ ಬಳಗಕ್ಕೆ ಮಾತ್ರ ಈ ಕೈಪಿಡಿ ಅನ್ವಯಿಸುತ್ತದೆ. ಕಾರಿರುವವರು ಓದು ಇಲ್ಲಿಗೇ ನಿಲ್ಲಿಸಬಹುದು.

ಮೊದಲಿಗೆ ಬಳಗದ ಜೋಡಣೆ. ವಾಟ್ಸಾಪಿನಲ್ಲಿ "ನಾನು ಪಕ್ಕಾ" ಎಂದವರಲ್ಲಿ ಅರ್ಧದಷ್ಟನ್ನು ಕಳೆಯಿರಿ. ಮಿಕ್ಕವರು ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಸಿಗುತ್ತಾರೆ. ಹೆಣ್ಣುಮಕ್ಕಳು ಹೆಚ್ಚಿದ್ದಷ್ಟೂ ಖರ್ಚು ಇಳಿಯುತ್ತದೆ. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದಾಗಿ ಕೆಂಪು ಬಸ್ಸಿನಲ್ಲಿ ಆಧಾರ್ ತೋರಿಸಿದರೆ ಅವರಿಗೆ ಶೂನ್ಯ ಟಿಕೆಟ್. ಈ ಉಳಿತಾಯವನ್ನು ಗಂಡಸರಿಗೂ ಹಂಚೋಣವೇ ಎಂದು ಕೇಳುವವನನ್ನು ಹೊಸಕೋಟೆಯಲ್ಲೇ ಇಳಿಸತಕ್ಕದ್ದು.

ಚಿತ್ರಾನ್ನ ಸ್ಟೀಲ್ ಡಬ್ಬಿಯಲ್ಲಿರಲಿ, ಡಬ್ಬಿ ಬ್ಯಾಗಿನ ತಳದಲ್ಲಿರಲಿ. ಕಾಶಿ ವಿಶ್ವೇಶ್ವರ ದೇವಸ್ಥಾನದ ಮೆಟ್ಟಿಲು ಪೂರ್ತಿ ಕೋತಿಗಳ ಸುಪರ್ದಿಯಲ್ಲಿದೆ; ಪ್ಲಾಸ್ಟಿಕ್ ಕವರ್ ಸರಬರ ಎಂದರೆ ಸಾಕು, ಜಫ್ತಿ. ಮೇಲೆ ಕಲ್ಲಿನ ಬಸವನ ಬಾಯಿಂದ ವರ್ಷವಿಡೀ ನೀರು ಬೀಳುತ್ತದೆ. ಬೋರ್‌ವೆಲ್ ಸಾವಿರ ಅಡಿ ದಾಟಿದರೂ ನೀರು ಸಿಗದ ಜಿಲ್ಲೆಯಲ್ಲಿ ಇದು ಹೇಗೆಂದು ಗುಂಪಿನ ಇಂಜಿನಿಯರ್ ವಿವರಿಸತೊಡಗಿದರೆ, ಹತ್ತಲು ಶುರುಮಾಡಿ. ಏರಿನಲ್ಲಿ ಯಾರೂ ಹೆಚ್ಚು ಹೊತ್ತು ಮಾತಾಡಲಾರರು.

ದಾರಿ ತೋರಿಸುವ ಸ್ಥಳೀಯರ ಹತ್ತಿರ ಮಾತ್ರ ಚೌಕಾಸಿ ಬೇಡ. ಜುಗ್ಗತನಕ್ಕೆ ಜಾಗ ಬೇರೆ ಬೇಕಾದಷ್ಟಿದೆ. ಬೆಟ್ಟದ ಈ ಗುಹೆಗಳು ನೀರು ಕೊರೆದ ಸುಣ್ಣಕಲ್ಲಿನವಲ್ಲ; ಬಿರಿದು, ಉರುಳಿ, ಒಂದರ ಮೇಲೊಂದು ಕುಂತ ಗ್ರಾನೈಟ್ ಬಂಡೆಗಳ ನಡುವಿನ ಸಂದುಗಳು. ಒಳಗೆ ಯಾವ ಸಂದು ಎಲ್ಲಿಗೆ ಹೋಗುತ್ತದೆಂದು ಗೂಗಲ್ ಮ್ಯಾಪಿಗೂ ಗೊತ್ತಿಲ್ಲ. ಇಲ್ಲಿ ನೋಡುವುದು ಜೇಬಿನ ಅಳತೆಯಲ್ಲ, ಸೊಂಟದ ಅಳತೆ.

ಬ್ಯಾಗನ್ನು ಮೊದಲು ಆಚೆ ದಾಟಿಸಿ. ಆಮೇಲೆ ಒಂದು ಕೈ, ತಲೆ, ಅಡ್ಡಡ್ಡಲಾಗಿ ಭುಜ. ಉಸಿರು ಪೂರ್ತಿ ಬಿಟ್ಟು, ಹೊಟ್ಟೆ ಒಳಗೆಳೆದು, ಎದೆಯನ್ನು ಕಲ್ಲಿಗೆ ಒರೆಸಿಕೊಂಡು ಜಾರಿ. ಅಂಗಿಯ ಗುಂಡಿಯೊಂದು ಹೋಗುತ್ತದೆ. ಹುಡುಕಬೇಡಿ, ಅಲ್ಲಿರುವುದು ಬಾವಲಿ ಹಿಕ್ಕೆ. ಮೊಬೈಲ್ ಬೆಳಕನ್ನು ನಂಬಬೇಡಿ, ಚಾರ್ಜೆಲ್ಲ ಸೆಲ್ಫಿಗೆ ಮುಗಿದಿರುತ್ತದೆ. ಬೇರೆ ಟಾರ್ಚ್ ಒಯ್ಯತಕ್ಕದ್ದು. ಮಳೆ ಬಿದ್ದಿದ್ದರೆ ಒಳಗೆ ಹೋಗಲೇಬೇಡಿ. ಇದು ತಮಾಷೆಗೆ ಬರೆದದ್ದಲ್ಲ.

ಕತ್ತಲಲ್ಲಿ ಸಂಭಾಷಣೆ ಹೀಗಿರುತ್ತದೆ:

"ಮಗಾ, ಕಾಲೆಲ್ಲಿಡ್ಲೋ?"

"ಕೆಳಗೆ ಚಪ್ಪಟೆ ಕಲ್ಲಿದೆ ನೋಡು, ಅದರ ಮೇಲಿಡು."

"ಇದೇನಾ?"

"ಅದು ನನ್ ತಲೆ ಕಣೋ!"

ಯಾರಾದರೂ ಸಿಕ್ಕಿಕೊಂಡರೆ ಎರಡೂ ಕಡೆಯಿಂದ ಎಳೆಯಕೂಡದು. ಜೋಕ್ ಹೇಳುವುದಂತೂ ನಿಷಿದ್ಧ, ನಕ್ಕರೆ ಹೊಟ್ಟೆ ಉಬ್ಬುತ್ತದೆ. ಸುಮ್ಮನಿದ್ದರೆ ಐದು ನಿಮಿಷದಲ್ಲಿ ತಾನೇ ಬಿಡಿಸಿಕೊಳ್ಳುತ್ತಾನೆ, ಬೈಯುತ್ತಾ.

ಕೊನೆಗೆ ಕೋಲಾರ ಬಸ್ ನಿಲ್ದಾಣದಲ್ಲಿ ಟೀ ಕುಡಿಯುತ್ತಾ ಲೆಕ್ಕ. ಹರಿದ ಪ್ಯಾಂಟು ಸಾಮಾನ್ಯ ಖರ್ಚಿಗೆ ಸೇರುವುದಿಲ್ಲ. ಸೇರಲೇಬೇಕೆಂದು ಹಟ ಹಿಡಿದವನನ್ನು, ಸಂದಿನಲ್ಲಿ ಸಿಕ್ಕಿಕೊಂಡಿದ್ದಾಗ ತೆಗೆದ ವಿಡಿಯೊ ಅಳಿಸಲು ಎಷ್ಟು ಕೊಡುತ್ತಾನೆಂದು ಮೊದಲು ವಿಚಾರಿಸತಕ್ಕದ್ದು.