ನಿಯಮಾವಳಿಯವರ ಸನ್ನಿಧಾನಕ್ಕೆ

ಮಹಾರಾಷ್ಟ್ರದ ಏಕೀಕೃತ ಅಭಿವೃದ್ಧಿ ನಿಯಂತ್ರಣ ಮತ್ತು ಪ್ರೋತ್ಸಾಹನ ನಿಯಮಾವಳಿ ಎಂಬ ದೀರ್ಘನಾಮದಿಂದ ಪ್ರಸಿದ್ಧರಾಗಿ, ಅಸ್ಮದಾದಿಗಳ ಬಾಯಲ್ಲಿ ಯು.ಡಿ.ಸಿ.ಪಿ.ಆರ್. ಎಂದು ಸಂಕ್ಷೇಪಗೊಂಡಿರುವ ಮಹನೀಯರಿಗೆ, ನವಿ ಮುಂಬಯಿಯ ಐರೋಲಿಯಲ್ಲಿ ಹಳೆಯ ಕಟ್ಟಡವೊಂದರ ಮೂರನೆಯ ಮಾಳಿಗೆಯಲ್ಲಿ ವಾಸವಾಗಿರುವ ಕನ್ನಡಿಗನೊಬ್ಬನ ಸಾಷ್ಟಾಂಗ ನಮಸ್ಕಾರಗಳು. ನಮಸ್ಕಾರವು ಸಾಷ್ಟಾಂಗವಾಗಿರುವುದಕ್ಕೆ ಭಕ್ತಿಯೊಂದೇ ಕಾರಣವಲ್ಲ. ನಿಂತವನ ನೆತ್ತಿಗೆ ಬೀಳತಕ್ಕ ಛಾವಣಿಯ ಪ್ಲಾಸ್ಟರು ಬೋರಲು ಮಲಗಿದವನ ಬೆನ್ನಿಗೆ ಬೀಳುವುದೇ ಮೇಲೆಂಬ ಲೌಕಿಕ ವಿವೇಕವೂ ಅದರಲ್ಲಿ ಸೇರಿದೆ.

ಮಹಾಮಾರಿಯ ಭಯದಿಂದ ಜನರೆಲ್ಲರೂ ತಂತಮ್ಮ ಮನೆಗಳೊಳಗೆ ಅವಿತು ಕುಳಿತು, ಆ ಮನೆಗಳು ಎಷ್ಟು ಇಕ್ಕಟ್ಟಾದುವೆಂಬ ಸತ್ಯವನ್ನು ಸಾಂಗವಾಗಿ ಮನಗಾಣುತ್ತಿದ್ದ 2020ರ ಡಿಸೆಂಬರಿನಲ್ಲಿ ತಾವು ಅವತರಿಸಿದಿರಿ. ಬೃಹನ್ಮುಂಬಯಿಯನ್ನೂ ಮತ್ತೆ ಕೆಲವು ವಿಶೇಷ ಪ್ರದೇಶಗಳನ್ನೂ ಬಿಟ್ಟು, ಊರಿಗೊಂದರಂತೆ ಆಳುತ್ತಿದ್ದ ಕಿರುನಿಯಮಗಳನ್ನೆಲ್ಲ ಪದಚ್ಯುತಗೊಳಿಸಿ, ಥಾಣೆ, ಕಲ್ಯಾಣ, ಡೊಂಬಿವಲಿ, ನವಿ ಮುಂಬಯಿಗಳಿಂದ ಮೊದಲ್ಗೊಂಡು ನಾಗಪುರದವರೆಗೂ ತಮ್ಮ ಏಕಚ್ಛತ್ರವನ್ನು ಸ್ಥಾಪಿಸಿದಿರಿ. ತದನಂತರ ತಮಗಾದ ತಿದ್ದುಪಡಿಗಳೋ, ಸ್ಪಷ್ಟೀಕರಣಗಳೋ, ಸ್ಪಷ್ಟೀಕರಣಗಳ ಮೇಲಣ ಆದೇಶಗಳೋ, ಅವುಗಳ ಪೈಕಿ ಮೂಲಪಾಠ ಯಾವುದು, ಪ್ರಕ್ಷೇಪ ಯಾವುದು ಎಂಬುದನ್ನು ನಿರ್ಣಯಿಸಲು, ಮಹಾಭಾರತದ ಪರಿಷ್ಕರಣಕ್ಕೆ ದಶಕಗಳನ್ನೇ ಸವೆಸಿದ ಪುಣೆಯ ಭಾಂಡಾರಕರ ಸಂಸ್ಥೆಯ ಪಂಡಿತರನ್ನೇ ಪುನಃ ಕರೆಯಿಸಬೇಕಾದೀತು. ಇದು ದೂರಲ್ಲ. ಗ್ರಂಥವು ಬೆಳೆಯುವುದು ಅದರ ಮಹಿಮೆಯ ಲಕ್ಷಣ.

ನಾನು ಈ ಪತ್ರವನ್ನು ಬರೆಯಲು ಕಾರಣ ಬೇರೆ. ತಾವು ಈ ಪ್ರಾಂತದ ಸಿಂಹಾಸನವನ್ನೇರುವುದಕ್ಕೆ ಬಹು ಮುಂಚೆಯೇ ಅದರ ಮೇಲೆ ಮತ್ತೊಬ್ಬರು ಆಸೀನರಾಗಿದ್ದಾರೆ ಎಂಬುದನ್ನು ತಮಗೆ ಯಾರೂ ತಿಳಿಸಿದಂತೆ ತೋರಲಿಲ್ಲ. ಅವರಿಗೆ ಅಧ್ಯಾಯಗಳಿಲ್ಲ, ಕೋಷ್ಟಕಗಳಿಲ್ಲ, ಇನ್ಸ್‌ಪೆಕ್ಟರುಗಳ ಹಂಗಿಲ್ಲ. ತಥಾಪಿ ಕಾಲುವೆಯಂಚಿನ ಗುಡಿಸಲಿನವನಿಂದ ಹಿಡಿದು ಏಳು ಮಾಳಿಗೆಯ ಬಿಲ್ಡರನವರೆಗೆ ಸಕಲರೂ ಅವರ ಆಜ್ಞೆಯನ್ನು ಶಿರಸಾ ವಹಿಸುತ್ತಾರೆ. ಅವರ ಹೆಸರು ಕಟ್-ಆಫ್ ತಾರೀಖು.

ಆ ಮಹಾನುಭಾವರ ಚರಿತ್ರೆಯನ್ನು ಸ್ವಲ್ಪ ಕೇಳಬೇಕು. ಝೋಪಡಪಟ್ಟಿಗಳವರಿಗಾಗಿ ಅವರು ಮೊದಲು 1995ರ ಜನವರಿ 1ರಂದು ನೆಲೆಸಿದ್ದರು. ಚುನಾವಣೆಗಳ ಗಾಳಿ ಬೀಸಿದಂತೆ 2000ದ ಜನವರಿ 1ಕ್ಕೆ ಸರಿದರು. ಅಲ್ಲಿಂದ, ಹಣ ತೆತ್ತು ಮನೆ ಪಡೆಯತಕ್ಕವರ ಅನುಕೂಲಾರ್ಥವಾಗಿ, 2011ರ ಜನವರಿ 1ಕ್ಕೆ ಬಂದರು. ಉಲ್ಹಾಸನಗರದ ಅನಧಿಕೃತ ಕಟ್ಟಡಗಳನ್ನು ಅಧಿಕೃತಗೊಳಿಸಲು 2006ರಲ್ಲಿ ಪ್ರತ್ಯೇಕವಾದ ಒಂದು ಕಾಯಿದೆಯನ್ನೇ ಮಾಡಿದರು. ಒಂದು ಊರಿನ ತಪ್ಪುಗಳಿಗೆಂದೇ ಶಾಸನಸಭೆಯು ಶಾಸನವೊಂದನ್ನು ಸಮರ್ಪಿಸಿದ ಗೌರವ ಎಷ್ಟು ಊರುಗಳಿಗೆ ಲಭಿಸೀತು? 2017ರಲ್ಲಿ, 1966ರ ನಗರ ರಚನಾ ಕಾಯಿದೆಗೆ 52-ಎ ಎಂಬ ಕಲಮನ್ನು ಸೇರಿಸಿದಾಗ, ಅವರು 2015ರ ಡಿಸೆಂಬರ್ 31ರಂದು ಬಿಡಾರ ಹೂಡಿದರು. ಆ ದಿನದೊಳಗೆ ಕಟ್ಟಿದ್ದು ದಂಡ ತೆತ್ತರೆ ಕ್ಷಮಾರ್ಹ, ಮರುದಿನ ಕಟ್ಟಿದ್ದು ಅಕ್ಷಮ್ಯ ಎಂಬ ಈ ಧರ್ಮಸೂಕ್ಷ್ಮವನ್ನು ನಮ್ಮ ಕಡೆಯ ಕಂತ್ರಾಟುದಾರರು ತಮ್ಮ ಕಲಮುಗಳಿಗಿಂತ ಎಷ್ಟೋ ಚೆನ್ನಾಗಿ ಅರಿತಿದ್ದಾರೆ. ತಾವು ಹೇಳುವುದು ಹೇಗೆ ಕಟ್ಟಬೇಕೆಂಬುದನ್ನು. ಅವರು ತಿಳಿಯಬಯಸುವುದು ಯಾವ ದಿನದೊಳಗೆ ಎಂಬುದನ್ನು ಮಾತ್ರ.

ಇಲ್ಲಿ ಒಂದು ಮಾತನ್ನು ನಗೆಯಿಲ್ಲದೆ ಹೇಳಬೇಕಾಗಿದೆ. ಐರೋಲಿ, ದಿವಾ, ಗೋಠಿವಲಿ, ರಬಾಳೆ ಮೊದಲಾದ ಗ್ರಾಮಗಳ ಆಗರಿ, ಕೋಳಿ ಸಮುದಾಯಗಳ ಜನರ ಮನೆಗಳನ್ನೂ ಬಿಲ್ಡರನ ಲಾಭದ ಗೋಪುರಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. 1970ರಲ್ಲಿ ಸಿಡ್ಕೊ ಎಂಬ ನಗರ ನಿರ್ಮಾಣ ನಿಗಮ ಹುಟ್ಟಿ, ಈ ಹೊಸ ನಗರಕ್ಕೆಂದು ಅವರ ಹೊಲಗಳೂ ಉಪ್ಪಿನ ಆಗರಗಳೂ ಸ್ವಾಧೀನವಾದಾಗ, ಮನೆಮಂದಿ ಹೆಚ್ಚಿದಂತೆ ಹಳ್ಳಿಯ ವಸತಿನೆಲವಾದ ಗಾವಠಾಣವೂ ಹಿಗ್ಗಬೇಕೆಂಬುದನ್ನು ನಕ್ಷೆ ಬರೆದವರು ಮರೆತರು. ದಿ. ಬಾ. ಪಾಟೀಲರ ನೇತೃತ್ವದಲ್ಲಿ 1984ರ ಜನವರಿಯಲ್ಲಿ ಉರಣದಲ್ಲಿ ನಡೆದ ಹೋರಾಟದಲ್ಲಿ ಐವರು ಗುಂಡಿಗೆ ಬಲಿಯಾದ ಬಳಿಕವೇ ಸ್ವಾಧೀನವಾದ ಭೂಮಿಯ ಶೇಕಡಾ 12.5ರಷ್ಟನ್ನು ಅಭಿವೃದ್ಧಿಪಡಿಸಿ ಅವರಿಗೇ ಹಿಂದಿರುಗಿಸುವ ಯೋಜನೆಗೆ ದಾರಿಯಾಯಿತು. ಮಗನ ಮದುವೆಗೆ ಒಂದು ಕೋಣೆ ಏರಿಸಿದವನನ್ನು ತಮ್ಮ ಭಾಷೆಯಲ್ಲಿ ಅತಿಕ್ರಮಣಕಾರನೆನ್ನಬಹುದು. ಆದರೆ ಅವನ ನೆಲಕ್ಕೆ ತಾವೇ ನಂತರ ಬಂದವರು. ದುರ್ದೈವವೇನೆಂದರೆ, ಅವನಿಗಾಗಿ ತೆರೆದ ಬಾಗಿಲಿನಿಂದ, ಅವನ ಹೆಸರನ್ನೇ ಮುಂದಿಟ್ಟುಕೊಂಡು, ಬಿಲ್ಡರನೂ ತನ್ನ ಏಳು ಮಾಳಿಗೆಗಳನ್ನು ಹೊತ್ತುಕೊಂಡೇ ಒಳನುಗ್ಗಿದನು.

ನಮ್ಮ ನೆರೆಯ ದಿಘೆಯ ಉದಾಹರಣೆಯನ್ನೇ ನೋಡೋಣ. ಔದ್ಯೋಗಿಕ ನಿಗಮವಾದ ಎಂ.ಐ.ಡಿ.ಸಿ. ಮತ್ತು ಸಿಡ್ಕೊಗಳ ಜಾಗದ ಮೇಲೆ ಅಲ್ಲಿ ಎದ್ದುನಿಂತ ಅನಧಿಕೃತ ಕಟ್ಟಡಗಳು 99; ಅವನ್ನು ಕೆಡವಲು ಮುಂಬಯಿ ಉಚ್ಚ ನ್ಯಾಯಾಲಯವು 2015ರಲ್ಲಿ ಆಜ್ಞಾಪಿಸಿತು. 99 ಕಟ್ಟಡಗಳೆಂದರೆ ಬೆರಳ ಸಂದಿಯಲ್ಲಿ ಜಾರಿಹೋಗುವ ವಸ್ತುವಲ್ಲ. ಅವುಗಳ ಸಿಮೆಂಟು ಲಾರಿಗಳಲ್ಲಿ ಬಂದಿತು, ನಳದಲ್ಲಿ ನೀರು ಬಂದಿತು, ಮೀಟರಿನಲ್ಲಿ ವಿದ್ಯುತ್ತು ಬಂದಿತು, ಹಗಲಿನಲ್ಲಿ ಸೂರ್ಯನೂ ಬಂದನು. ಬಾರದಿದ್ದುದು ಕಾನೂನಿನ ಕಣ್ಣೊಂದೇ. ಅದು ಕೊನೆಗೆ ಬಂದಾಗ, ಕಟ್ಟಿದವನು ಅಲ್ಲಿರಲಿಲ್ಲ. ಹೆಂಡತಿಯ ಒಡವೆ ಮಾರಿ ಕೊಂಡವನು ಇದ್ದನು. ಸಾಮಾನುಗಳನ್ನು ಬೀದಿಗಿಟ್ಟವನು ಅವನೇ. ತಮ್ಮ ಪುಟಗಳಲ್ಲೆಲ್ಲ ಹುಡುಕಿದರೂ ಅವನ ಹೆಸರಿಗೆ ಒಂದು ಕೋಷ್ಟಕವಿಲ್ಲ.

ಇಷ್ಟಾದರೂ ಡೊಂಬಿವಲಿಯವರಿಗೆ ತಮ್ಮ ಮೇಲಿರುವ ಗೌರವವನ್ನು ಯಾರೂ ಶಂಕಿಸುವಂತಿಲ್ಲ. ಮಹಾನಗರಪಾಲಿಕೆಯ ಅನುಮತಿಪತ್ರಗಳನ್ನೇ ಖೋಟಾ ಮಾಡಿ, ಅವುಗಳ ಬಲದಿಂದ ಗೃಹನಿರ್ಮಾಣ ನಿಯಂತ್ರಣ ಪ್ರಾಧಿಕಾರವಾದ ಮಹಾರೇರಾದ ನೋಂದಣಿಯನ್ನೂ ಸಂಪಾದಿಸಿದ 65 ಕಟ್ಟಡಗಳನ್ನು ಕೆಡವಬೇಕೆಂದು 2024ರ ನವೆಂಬರಿನಲ್ಲಿ ಉಚ್ಚ ನ್ಯಾಯಾಲಯವು ಆದೇಶಿಸಿತು. ನಿಯಮವನ್ನು ತಿರಸ್ಕರಿಸುವವನು ಅನುಮತಿಪತ್ರದ ಗೊಡವೆಗೇ ಹೋಗುವುದಿಲ್ಲ. ಮುದ್ರೆಯನ್ನು, ಸಹಿಯನ್ನು, ರವಾನೆಯ ಜಾವಕ ಸಂಖ್ಯೆಯನ್ನು ಇಷ್ಟು ಶ್ರದ್ಧೆಯಿಂದ ಅನುಕರಿಸಬೇಕಾದರೆ ಅಂತರಂಗದಲ್ಲಿ ಎಂತಹ ಭಕ್ತಿ ಇರಬೇಕು! ಇದಕ್ಕೆ ವಿರುದ್ಧವಾಗಿ, ಮುಂಬ್ರಾ ಬಳಿಯ ಶೀಳ್ ಫಾಟಾದಲ್ಲಿ ಕೆಲವೇ ವಾರಗಳಲ್ಲಿ ಮಾಳಿಗೆಯ ಮೇಲೆ ಮಾಳಿಗೆಯಾಗಿ ಎದ್ದ ಲಕ್ಕಿ ಕಂಪೌಂಡ್ ಕಟ್ಟಡಕ್ಕೆ ಕಾಗದದ ಹಂಗೇ ಇರಲಿಲ್ಲ. 2013ರ ಏಪ್ರಿಲ್ 4ರ ಸಂಜೆ ಅದು ಕುಸಿದು 74 ಜನರು ಸತ್ತರು. ಅವರಲ್ಲಿ ಅದನ್ನು ಕಟ್ಟುತ್ತಿದ್ದ ಕೂಲಿಗಳೂ ಅವರ ಮಕ್ಕಳೂ ಸೇರಿದ್ದರು. ಕಟ್ಟಿದ ಮನೆ ಬಿದ್ದು ಯಜಮಾನನು ಸತ್ತರೆ ಕಟ್ಟಿದವನಿಗೂ ಮರಣವೆಂದು ಬ್ಯಾಬಿಲೋನಿನ ಹಮ್ಮುರಾಬಿ ಶಾಸನ ಬರೆಯಿಸಿದ್ದನಂತೆ. ಅಷ್ಟು ಕ್ರೌರ್ಯವನ್ನು ನಾನು ತಮ್ಮಿಂದ ನಿರೀಕ್ಷಿಸುವುದಿಲ್ಲ. ಆದರೆ ಅವನ ಶಾಸನದಲ್ಲಿ ಕಟ್-ಆಫ್ ತಾರೀಖು ಇದ್ದುದನ್ನು ನಾನು ಕೇಳಿಲ್ಲ.

ಇನ್ನು ಅಗ್ನಿಯ ವಿಷಯ. 2006ರ ಮಹಾರಾಷ್ಟ್ರ ಅಗ್ನಿ ನಿವಾರಣಾ ಕಾಯಿದೆಯ ಪ್ರಕಾರ, ಪ್ರತಿವರ್ಷ ಜನವರಿಯಲ್ಲಿ ಒಮ್ಮೆ, ಜುಲೈಯಲ್ಲಿ ಒಮ್ಮೆ, ಲೈಸೆನ್ಸ್ ಪಡೆದ ಏಜೆನ್ಸಿಯವರಿಂದ ‘ಫಾರ್ಮ್ ಬಿ’ ಎಂಬ ಪ್ರಮಾಣಪತ್ರವನ್ನು ಪಡೆದು ಸಲ್ಲಿಸತಕ್ಕದ್ದು. ಸಂಧ್ಯಾವಂದನೆಯಂತೆ ಇದು ಕ್ರಮ ತಪ್ಪದೆ ನಡೆಯುವ ಸೊಸೈಟಿಗಳು ಹಲವು ಇವೆ. ಪ್ರಮಾಣಪತ್ರವು ಆಫೀಸಿನ ಗೋಡೆಯಲ್ಲಿ ಕನ್ನಡಿಯ ಚೌಕಟ್ಟಿನೊಳಗೆ ಭದ್ರವಾಗಿರುತ್ತದೆ, ಹೊಳೆಯುವ ಹಿತ್ತಾಳೆಯ ನಾಝಲ್ ಕಳುವಾದೀತೆಂದು ಕೆಂಪು ಹೋಸ್ ಪೆಟ್ಟಿಗೆಗೆ ಬೀಗ ಜಡಿದಿರುತ್ತದೆ, ಬೀಗದ ಕೈ ಸೆಕ್ರೆಟರಿಯವರ ಮನೆಯ ಕಪಾಟಿನಲ್ಲಿರುತ್ತದೆ, ಸೆಕ್ರೆಟರಿಯವರು ಊರಿಗೆ ಹೋಗಿರುತ್ತಾರೆ. 24 ಮೀಟರಿಗೆ ಮಿಗಿಲಾದ ಎತ್ತರದ ಕಟ್ಟಡಗಳಲ್ಲಿ, ಬೆಂಕಿಯ ಸಮಯದಲ್ಲಿ ಜನರು ಓಡಿಬಂದು ನಿಲ್ಲಲೆಂದು ‘ರೆಫ್ಯೂಜ್ ಏರಿಯಾ’ ಎಂಬ ತೆರೆದ ಜಾಗವನ್ನು ಬಿಡಬೇಕಷ್ಟೆ. ಅಲ್ಲಿ ಈಗಾಗಲೇ ಆಶ್ರಯ ಪಡೆದಿರುವವರು ಯಾರೆಂದರೆ: ಮುರಿದ ಸೋಫಾಗಳು, ಮಕ್ಕಳು ದೊಡ್ಡವರಾದ ಮೇಲೆ ಅನಾಥವಾದ ಸೈಕಲುಗಳು, ಮಳೆಗಾಲದ ಬಟ್ಟೆಯ ಹಗ್ಗಗಳು, ಮತ್ತು ಪ್ರತಿ ಭಾದ್ರಪದದಲ್ಲಿ ಗಣಪತಿಯ ಮಂಟಪದ ಮರಮುಟ್ಟುಗಳು. ವಿಘ್ನನಿವಾರಕನ ಸಾಮಾನುಗಳೇ ಇರುವೆಡೆಯಲ್ಲಿ ಅಗ್ನಿಭಯವೆಲ್ಲಿಯದು ಎಂದು ಕೇಳುವವರಿಗೆ ನನ್ನಲ್ಲಿ ಉತ್ತರವಿಲ್ಲ.

ಮೈಸೂರಿನ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ತಾಳೆಗರಿಗಳ ಕಟ್ಟಿನಲ್ಲಿ ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿ ಲೋಕಕ್ಕಿತ್ತ ಕೌಟಿಲ್ಯನ ಅರ್ಥಶಾಸ್ತ್ರವನ್ನು ತಾವು ಬಿಡುವಾದಾಗ ಒಮ್ಮೆ ತಿರುವಿಹಾಕಬೇಕೆಂದು ನನ್ನ ಪ್ರಾರ್ಥನೆ. ಬೇಸಗೆಯಲ್ಲಿ ಪ್ರತಿಯೊಂದು ಮನೆಯವನೂ ನೀರಿನ ಕೊಡಗಳು, ಏಣಿ, ಕೊಡಲಿ, ಮೊರ, ಕೊಕ್ಕೆ, ತೊಗಲಿನ ಚೀಲ ಇವನ್ನು ಸಿದ್ಧವಾಗಿ ಇಟ್ಟುಕೊಳ್ಳಬೇಕೆಂದೂ, ಬೆಂಕಿ ಬಿದ್ದಲ್ಲಿಗೆ ಓಡಿಬಾರದ ಮನೆಯೊಡೆಯನಿಗೆ 12 ಪಣ, ಬಾಡಿಗೆಯವನಿಗೆ 6 ಪಣ ದಂಡವೆಂದೂ ಆತನು ವಿಧಿಸುತ್ತಾನೆ. ಬಾಡಿಗೆದಾರನಿಗೆ ಅರ್ಧ ದಂಡವೆಂಬಲ್ಲಿನ ನ್ಯಾಯಪ್ರಜ್ಞೆ, ಬಾಡಿಗೆದಾರರಿಂದ ಹೆಚ್ಚುವರಿ ಮೇಂಟೆನೆನ್ಸ್ ವಸೂಲು ಮಾಡುವ ನಮ್ಮ ಸೊಸೈಟಿಗಳ ಸಾಮಾನ್ಯ ಸಭೆಗಳಲ್ಲಿ ಒಮ್ಮೆಯಾದರೂ ಚರ್ಚಿತವಾಗಲೆಂದು ಆಶಿಸುತ್ತೇನೆ. ಆತನು ಕೇಳಿದ್ದು ಏಣಿಯನ್ನು. ನಾವು ಒಪ್ಪಿಸುವುದು ಏಣಿ ಇದೆಯೆಂಬ ಪತ್ರವನ್ನು.

ಆದರೆ ತಮ್ಮ ಕಾಲದಲ್ಲಿ ಆಗಿರುವ ಅತ್ಯಂತ ಸೋಜಿಗದ ಪರಿವರ್ತನೆಯೆಂದರೆ ಸ್ಟ್ರಕ್ಚರಲ್ ಆಡಿಟಿನ ಸಂಬಂಧದಲ್ಲಿ. ಮೂವತ್ತು ವರ್ಷ ದಾಟಿದ ಕಟ್ಟಡಗಳ ದೃಢತೆಯನ್ನು ಪರೀಕ್ಷಿಸಬೇಕೆಂದು ಕಾನೂನು. ಪರೀಕ್ಷೆಯಾದ ಮೇಲೆ ಸಿ-1 ಎಂದರೆ ಅತ್ಯಂತ ಅಪಾಯಕಾರಿ, ಕೂಡಲೇ ಖಾಲಿ ಮಾಡಿ ಕೆಡವತಕ್ಕದ್ದು. ಸಿ-2ಎ ಎಂದರೆ ಖಾಲಿ ಮಾಡಿ ದುರಸ್ತಿ. ಸಿ-2ಬಿ ಎಂದರೆ ಒಳಗಿದ್ದುಕೊಂಡೇ ದುರಸ್ತಿ. ಸಿ-3 ಎಂದರೆ ಅಲ್ಪಸ್ವಲ್ಪ ತೇಪೆ. ಪ್ರಪಂಚದ ಇತರ ಭಾಗಗಳಲ್ಲಿ ತನ್ನ ಮನೆ ಬೀಳುವಂತಿದೆ ಎಂದು ಕೇಳಿದವನು ಎದೆಗುಂದುವನು. ನಮ್ಮಲ್ಲಿ, ಆಡಿಟರರು ಸಿ-2ಬಿ ಎಂದು ಬರೆದುಬಿಟ್ಟರೆ ಸೊಸೈಟಿಯಲ್ಲಿ ಸೂತಕದ ಕಳೆ. ಸಿ-1 ಎಂದು ಬಂದರೆ ಪೇಢೆ ಹಂಚುತ್ತಾರೆ. ಏಕೆಂದರೆ ಸಿ-1 ಎಂದರೆ ರೀಡೆವಲಪ್‌ಮೆಂಟು. ರೀಡೆವಲಪ್‌ಮೆಂಟೆಂದರೆ ಹೆಚ್ಚಿನ ಎಫ್.ಎಸ್.ಐ., ಅಂದರೆ ಅದೇ ನಿವೇಶನದ ಮೇಲೆ ಕಟ್ಟಬಹುದಾದ ಹೆಚ್ಚಿನ ಕ್ಷೇತ್ರ; ಎಫ್.ಎಸ್.ಐ. ಎಂದರೆ ಇಬ್ಬರು ಮಕ್ಕಳಿಗೆ ಎರಡು ಕೋಣೆ, ಕಾರ್ಪಸ್ ಫಂಡು, ಹೊಸ ಮನೆ ಬರುವವರೆಗೆ ಬಿಲ್ಡರನ ಬಾಡಿಗೆ. ಒಬ್ಬ ಹಿರಿಯ ನೆರೆಯವರು, ಪ್ರಾಯ ಎಂಬತ್ತನ್ನು ಸಮೀಪಿಸಿದವರು, ಪ್ರತಿ ಮಳೆಗಾಲದ ಅಂತ್ಯದಲ್ಲಿ ಬಿರುಕನ್ನು ಸ್ಕೇಲು ಹಿಡಿದು ಅಳೆದು, “ಈ ವರ್ಷವೂ ಹೇಳಿಕೊಳ್ಳುವಂತಹ ಪ್ರಗತಿಯಿಲ್ಲ ಮಾರಾಯರೇ” ಎಂದು ನಿಟ್ಟುಸಿರು ಬಿಡುತ್ತಾರೆ. ಮನೆ ಬೀಳಬೇಕು, ಆದರೆ ಪ್ರಮಾಣಪತ್ರ ಬಂದ ಮೇಲೆ ಬೀಳಬೇಕು ಎಂಬುದೇ ಈಗ ಮಧ್ಯಮವರ್ಗದ ಸಂಸಾರಿಯ ನಿತ್ಯ ಪ್ರಾರ್ಥನೆ.

ಇದರ ನಡುವೆ ವಾಸ್ತುಶಿಲ್ಪಿಗಳಾದ ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹ್ತಾ, ಇಂಜಿನಿಯರ್ ಶಿರೀಷ್ ಪಟೇಲ್ ಎಂಬ ಮೂವರು 1965ರ ‘ಮಾರ್ಗ್’ ಪತ್ರಿಕೆಯಲ್ಲಿ ಖಾಡಿಯಾಚೆಯ ಈ ನಗರವನ್ನು ಕನಸಿದ್ದರೆಂಬುದು ಯಾರಿಗೆ ನೆನಪು? ಬೇಲಾಪುರದ ಆರ್ಟಿಸ್ಟ್ಸ್ ವಿಲೇಜಿನಲ್ಲಿ ಕೊರಿಯಾ ಅವರು ಅಂಗಳವೊಂದರ ಸುತ್ತ ಏಳು ಮನೆಗಳಂತೆ ಗುಂಪುಗೂಡಿಸಿ, ಯಾರ ಗೋಡೆಯೂ ಮತ್ತೊಬ್ಬರ ಗೋಡೆಯನ್ನು ತಗಲದಂತೆ ಇರಿಸಿ, ಸಂಸಾರ ಬೆಳೆದಂತೆ ಮನೆಯನ್ನೂ ಬೆಳೆಸಿಕೊಳ್ಳಿರೆಂದು ನಿವಾಸಿಗಳಿಗೆ ಬಿಟ್ಟುಕೊಟ್ಟರು. ನಿವಾಸಿಗಳು ಆ ಸಲಹೆಯ ಉತ್ತರಾರ್ಧವನ್ನು ಅಕ್ಷರಶಃ ಪಾಲಿಸಿದರು.

ನಮ್ಮವರನ್ನು ಬಿಟ್ಟು ಬರೆದರೆ ಪಕ್ಷಪಾತವಾದೀತು. ಕರಾವಳಿಯಿಂದ ಬಂದು ಈ ಮಹಾನಗರಕ್ಕೆ ಇಡ್ಲಿ ಸಾಂಬಾರುಗಳ ರುಚಿ ಹತ್ತಿಸಿದ ನಮ್ಮ ಹೋಟೆಲಿನವರಲ್ಲಿ ಹಲವರು, ಮಳೆಗಾಲಕ್ಕೆ ಮಾತ್ರ ಅನುಮತಿಯುಳ್ಳ ಮಾನ್ಸೂನ್ ಶೆಡ್ಡನ್ನು ಬಿಸಿಲಿಗೂ ಆಧಾರವೆಂದು ಬಗೆದು ವರ್ಷಪರ್ಯಂತ ಕಾಪಾಡುತ್ತಾರೆ. ವಾರ್ಡ್ ಆಫೀಸಿನ ಗಾಡಿ ಬಂದಾಗ ತಗಡುಗಳು ಇಳಿಯುತ್ತವೆ, ಗಾಡಿ ತಿರುವು ದಾಟಿದಾಗ ಏರುತ್ತವೆ. ಅಂತಹ ಹೋಟೆಲಿನ ನೆರಳಿನಲ್ಲಿ ಕುಳಿತು ಕಾಫಿ ಕುಡಿಯುತ್ತಲೇ ಈ ಪತ್ರದ ಬಹುಭಾಗವನ್ನು ನಾನು ಯೋಚಿಸಿದೆ, ಗಾಳಿ ಚೆನ್ನಾಗಿತ್ತು.

ತಾವು ದಯಾಳುಗಳೆಂಬುದನ್ನೂ ಬಲ್ಲೆ. 150 ಚದರ ಮೀಟರಿನ ಒಳಗಿನ ನಿವೇಶನದವನು ನಕ್ಷೆ ಕೊಟ್ಟು ಶುಲ್ಕ ಕಟ್ಟಿದರೆ ಆ ರಸೀದಿಯೇ ಅನುಮತಿಯೆಂದು ಸಾರಿದಿರಿ, ಪ್ರಸ್ತಾವಿತ ಎಫ್.ಎಸ್.ಐ.ಯ ಮೇಲೆ ವಸತಿಗೆ ಶೇಕಡಾ 60, ವಾಣಿಜ್ಯಕ್ಕೆ ಶೇಕಡಾ 80ರ ವರೆಗೆ ಹೆಚ್ಚಿನ ಕ್ಷೇತ್ರವನ್ನು ಪ್ರೀಮಿಯಂ ತೆತ್ತು ಪಡೆಯಬಹುದೆಂದಿರಿ. ಹಿಂದೆ ಬಾಲ್ಕನಿಯನ್ನು ಕದ್ದುಮುಚ್ಚಿ ಕೋಣೆಯಾಗಿಸುತ್ತಿದ್ದರು. ಈಗ ಖಜಾನೆಗೆ ಹಣ ಕಟ್ಟಿ, ತಲೆಯೆತ್ತಿ ಆಗಿಸುತ್ತಾರೆ. ನವಿ ಮುಂಬಯಿ ಮಹಾನಗರಪಾಲಿಕೆ ಸ್ಥಾಪಿತವಾಗಿ ಮೂವತ್ತು ವರ್ಷ ತುಂಬಿದ 2022ರಲ್ಲಿ ಅದರ ಅಭಿವೃದ್ಧಿ ಯೋಜನೆಯ ಕರಡೂ ಪ್ರಕಟವಾಯಿತು. ನಗರವನ್ನು ಮೊದಲು ಕಟ್ಟಿ ನಂತರ ಯೋಜಿಸಿದರೆ ತಪ್ಪುಗಳೆಲ್ಲ ಕಣ್ಣೆದುರೇ ಇರುವುದರಿಂದ ಯೋಜಕರಿಗೆ ಶ್ರಮ ಕಡಿಮೆ.

ಆದಕಾರಣ ತಮ್ಮಲ್ಲಿ ನನ್ನದು ಒಂದೇ ಬಿನ್ನಹ. ಮುಂದಿನ ಪರಿಷ್ಕರಣದಲ್ಲಿ ಸೆಟ್-ಬ್ಯಾಕು, ಮೆಟ್ಟಿಲಿನ ಅಗಲ, ಅಗ್ನಿಶಾಮಕ ಗಾಡಿ ತಿರುಗುವ ಜಾಗ ಇತ್ಯಾದಿಗಳಿಗೆಂದು ಬಹಳ ಕಾಗದವನ್ನು ವ್ಯಯಿಸದೆ, ಇದಾದ ಬಳಿಕ ಬರತಕ್ಕ ಕಟ್-ಆಫ್ ತಾರೀಖು ಯಾವುದೆಂಬುದನ್ನು ಮೊದಲ ಪುಟದಲ್ಲೇ, ದಪ್ಪಕ್ಷರದಲ್ಲಿ, ಮುಂಚಿತವಾಗಿ ಪ್ರಕಟಿಸಬೇಕು. ಊಹೆಯ ಮೇಲೆ ಕಟ್ಟುವುದರಿಂದ ಅವಸರವಾಗಿ, ಸ್ಲ್ಯಾಬ್ ಒಣಗುವ ಮೊದಲೇ ಸೆಂಟ್ರಿಂಗ್ ಬಿಚ್ಚಬೇಕಾಗುತ್ತದೆ. ತಾರೀಖು ಖಚಿತವಾಗಿದ್ದರೆ ಕಾಂಕ್ರೀಟಿಗೆ ನಿಯಮದಂತೆ ನೀರುಣಿಸಲು ಪುರಸತ್ತು ಸಿಕ್ಕೀತು, ಅಷ್ಟರಮಟ್ಟಿಗೆ ಸುರಕ್ಷತೆಯೂ ಹೆಚ್ಚೀತು. ಸಾಧ್ಯವಾದರೆ ಅದನ್ನು ದೀಪಾವಳಿಗೆ ಮೊದಲೇ ಹೊರಡಿಸಬೇಕೆಂದೂ, ಆಮೇಲೆ ಬಡಗಿಗಳು, ಗವಂಡಿಗಳು ಊರಿಗೆ ಹೋಗಿಬಿಡುವುದರಿಂದ ಕೂಲಿಯ ದರ ಏರುತ್ತದೆಂದೂ, ನಮ್ಮ ಕಟ್ಟಡದ ಗಚ್ಚಿಯ ಮೇಲೆ ಎರಡು ಕೋಣೆಗಳನ್ನು ಸಂಕಲ್ಪಿಸಿರುವ ಸೊಸೈಟಿಯ ಚೇರ್ಮನ್ನರು ತಮ್ಮ ಪಾದಗಳಲ್ಲಿ ವಿಶೇಷವಾಗಿ ಅರಿಕೆ ಮಾಡಿಕೊಳ್ಳಲು ಹೇಳಿದ್ದಾರೆ.

ಇಂತು ತಮ್ಮ ವಿಧೇಯ,
ಐರೋಲಿಯ ಒಬ್ಬ ನಿವಾಸಿ